ಬ್ಯಾಟರಿಗೂ ಇನ್ವರ್ಟರ್‌ಗೂ ನಡುವಿನ ವೈರಿನ ಮೇಲೆ ಒಂದು ಕಣ್ಣಿರಲಿ

ಸೋಲಾರ್ ಜೊತೆ ಬ್ಯಾಟರಿ ಹಾಕಿಸಿದವರು, ಹಾಕಿಸಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಮನೆಗೆ ಬೆಂಕಿ ಬೀಳುವುದೊಂದು ಬಾಕಿ ಇತ್ತು.

ಅವತ್ತು ರಾತ್ರಿ ಕರೆಂಟ್ ಇರಲಿಲ್ಲ. ಫ್ರಿಜ್, ಫ್ಯಾನು, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಬ್ಯಾಟರಿಯ ಮೇಲೆಯೇ ನಡೆಯುತ್ತಿದ್ದವು. ಇದ್ದಕ್ಕಿದ್ದಂತೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿಹೋಗಿ ನೋಡಿದರೆ, ಪ್ಲಸ್ ಟರ್ಮಿನಲ್ ಪಕ್ಕ ಕೆಂಪು ವೈರಿನ ಹೊದಿಕೆ ಮೇಣದ ಹಾಗೆ ಕರಗಿ ಇಳಿದಿತ್ತು. ಲಗ್, ಅಂದರೆ ವೈರಿನ ತುದಿಗೆ ಹಾಕಿ ನಟ್ಟಿನಿಂದ ಟರ್ಮಿನಲ್‌ಗೆ ಬಿಗಿಯುವ ಲೋಹದ ತುಂಡು, ಕಪ್ಪಾಗಿತ್ತು. ತಕ್ಷಣ ಇಸ್ತ್ರಿ ಪೆಟ್ಟಿಗೆ ಆರಿಸಿ, ಇನ್ವರ್ಟರ್ ಆಫ್ ಮಾಡಿದೆ.

ಬ್ಯಾಟರಿಗೆ ಏನೂ ಆಗಿರಲಿಲ್ಲ, ಇನ್ವರ್ಟರ್‌ಗೂ ಏನೂ ಆಗಿರಲಿಲ್ಲ. ಲಗ್ಗಿನ ನಟ್ ಮಾತ್ರ ಸಡಿಲವಾಗಿತ್ತು.

ಅಷ್ಟಕ್ಕೇ ಹೀಗಾಗುತ್ತಾ ಅಂತ ಅನಿಸಬಹುದು. 2000 ವ್ಯಾಟ್ ಲೋಡಿಗೆ 230 ವೋಲ್ಟ್ ಕಡೆ ಹರಿಯುವುದು 9 ಆಂಪಿಯರ್‌ಗಿಂತ ಸ್ವಲ್ಪ ಕಮ್ಮಿ. ಅದೇ ಲೋಡಿಗೆ 24 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಎಳೆಯುವುದು 83, ಅದರೊಳಗಿನ ನಷ್ಟವೂ ಸೇರಿದರೆ 90ರ ಹತ್ತಿರ. ಸಡಿಲ ಜಾಗದಲ್ಲಿ ಬರೀ 0.01 ಓಮ್ ಅಡ್ಡಿಯಿದ್ದರೂ ಸಾಕು, ಆ ಒಂದು ಚುಕ್ಕೆಯಲ್ಲೇ 81 ವ್ಯಾಟ್ ಬಿಸಿ ಹುಟ್ಟುತ್ತದೆ. ಫ್ಯೂಸ್ ಹಾಕಿದ್ದೇವಲ್ಲ ಅಂತ ನಾನೂ ಧೈರ್ಯವಾಗಿದ್ದೆ. ಆದರೆ ಹರಿಯುತ್ತಿದ್ದುದು ಎಂದಿನ ಕರೆಂಟೇ, ಫ್ಯೂಸ್ ಯಾಕೆ ಹೋಗುತ್ತೆ?

ಸೂಚನೆ ಮೊದಲೇ ಸಿಕ್ಕಿತ್ತು. ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಇನ್ವರ್ಟರ್ ‘ಬ್ಯಾಟರಿ ಲೋ’ ಅಂತ ಕೂಗುತ್ತಿತ್ತು, ಆರಿಸಿದರೆ ಸುಮ್ಮನಾಗುತ್ತಿತ್ತು. ಕೂರಿಸಿದವರಿಗೆ ಫೋನ್ ಮಾಡಿದರೆ, "ಹೊಸದಲ್ವಾ ಸರ್, ಸೆಟ್ ಆಗುತ್ತೆ ಬಿಡಿ" ಅಂದರು. ಇನ್ವರ್ಟರ್ ವೋಲ್ಟೇಜ್ ಅಳೆಯುವುದು ತನ್ನ ಟರ್ಮಿನಲ್‌ನಲ್ಲಿ. ದಾರಿಯಲ್ಲಿ ಸುಮಾರು ಒಂದು ವೋಲ್ಟ್ ಸೋರಿಹೋದರೆ, ತುಂಬಿದ ಬ್ಯಾಟರಿಯೂ ಅದಕ್ಕೆ ಖಾಲಿಯಾದ ಹಾಗೆ ಕಾಣುತ್ತದೆ.

ನಿಮ್ಮಲ್ಲೂ ಹೀಗೆ ಕೂಗುತ್ತಿದ್ದರೆ ಬ್ಯಾಟರಿ ಬದಲಾಯಿಸಲು ಹೊರಡಬೇಡಿ. ದೊಡ್ಡ ಲೋಡ್ ಹಾಕಿ, ಬ್ಯಾಟರಿಯ ಟರ್ಮಿನಲ್‌ನಲ್ಲಿ ಒಮ್ಮೆ, ಇನ್ವರ್ಟರ್ ಟರ್ಮಿನಲ್‌ನಲ್ಲಿ ಒಮ್ಮೆ ಮಲ್ಟಿಮೀಟರ್ ಇಟ್ಟು ಅಳೆಸಿ. ವ್ಯತ್ಯಾಸ ಜಾಸ್ತಿ ಇದ್ದರೆ ವೈರು ಸಣ್ಣದು, ಇಲ್ಲವೇ ಎಲ್ಲೋ ಸಡಿಲವಾಗಿದೆ. ನೀವೇ ಸ್ಪ್ಯಾನರ್ ಹಿಡಿಯಬೇಡಿ. ಅದು ಎರಡೂ ಟರ್ಮಿನಲ್‌ಗೆ ತಾಗಿದರೆ ಕೈ ಸುಟ್ಟುಹೋಗುತ್ತದೆ.

ಇನ್ನೊಂದು ವಿಷಯ. ಬ್ಯಾಟರಿ ಕಡೆಗೆ ಮನೆಯ ಮಾಮೂಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಬ್ರೇಕರ್) ಹಾಕಲು ಬಿಡಬೇಡಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ, ಬ್ರೇಕರ್ ಆಫ್ ಆಗುವಾಗ ಒಳಗೆ ಏಳುವ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯಿಂದ ಬರುವ ಡಿಸಿ ಕರೆಂಟು ಹಾಗೆ ಇಳಿಯುವುದೇ ಇಲ್ಲ, ಅದಕ್ಕೆ ಡಿಸಿ ಬ್ರೇಕರ್ರೇ ಬೇಕು.

ನಮ್ಮಲ್ಲಿ ಈಗ ದಪ್ಪ ವೈರು, ಒತ್ತಿ ಕೂರಿಸಿದ ಹೊಸ ಲಗ್. ಇಸ್ತ್ರಿ ಪೆಟ್ಟಿಗೆ ಹಾಕಿದರೂ ಇನ್ವರ್ಟರ್ ಕೂಗುತ್ತಿಲ್ಲ.