ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್: ವರ್ಷಗಟ್ಟಲೆ ಟೋಲ್ ಕಟ್ಟಿದ ಮೇಲೆ

ಐದಕ್ಕೆ ಮೂರೂವರೆ ಸ್ಟಾರ್. ಮೇಲಿನ ರಸ್ತೆಗೆ ಮಾತ್ರ ಅಂದರೆ ನಾಲ್ಕೂವರೆ ಕೊಡುತ್ತಿದ್ದೆ. ಅದರ ಎರಡು ತುದಿಗಳು ಒಂದು ಸ್ಟಾರ್ ತಿಂದುಬಿಟ್ಟಿವೆ.

ನಾನು ಬೆಂಗಳೂರಿನ ಬಿಟಿಎಂ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವನು. ಮೊದಲು ಬೈಕು, ಈಗ ಕಾರು. 2010ರ ಜನವರಿಯಲ್ಲಿ ಈ ಫ್ಲೈಓವರ್ ತೆರೆಯುವ ಮುಂಚೆ ಹೊಸೂರು ರಸ್ತೆಯಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಬೊಮ್ಮನಹಳ್ಳಿ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಎಲ್ಲಾ ಕಡೆ ನಿಂತು ನಿಂತು ಹೋಗಬೇಕಿತ್ತು. ಈಗ ಹತ್ತಿರ ಹತ್ತು ಕಿಲೋಮೀಟರ್ ಒಂದೂ ಸಿಗ್ನಲ್ ಇಲ್ಲದೆ ಹೋಗಬಹುದು. ದಾರಿ ಖಾಲಿ ಇದ್ದರೆ ಒಂದು ಹಾಡಿನ ಪಟ್ಟಿ ಅರ್ಧಕ್ಕೆ ಬರುವುದರೊಳಗೆ ಇಳಿದಿರುತ್ತೇವೆ.

ಇದು ಖಾಸಗಿ ದುಡ್ಡಿನಲ್ಲಿ ಎದ್ದ ರಸ್ತೆ. ಬಿಒಟಿ ಅಂತಾರಲ್ಲ, ಆ ಲೆಕ್ಕ. ಕಂಪನಿ ಸಾಲ ತಂದು ಕಟ್ಟುತ್ತದೆ. ಅವಧಿ ಮುಗಿಯುವವರೆಗೆ ಟೋಲ್ ತೆಗೆದುಕೊಂಡು ಸಾಲ ತೀರಿಸುತ್ತದೆ, ಲಾಭ ನೋಡಿಕೊಳ್ಳುತ್ತದೆ. ರಿಪೇರಿಯೂ ಅದರದ್ದೇ. ಕೊನೆಗೆ ರಸ್ತೆಯನ್ನು ಹೆದ್ದಾರಿ ಪ್ರಾಧಿಕಾರಕ್ಕೆ ಒಪ್ಪಿಸಿ ಹೋಗುತ್ತದೆ. ಇಲ್ಲಿನ ಒಪ್ಪಂದ 2006ರದ್ದು, 20 ವರ್ಷದ್ದು. ತುಂಬಾ ಜನ ಫ್ಲೈಓವರ್ ಮಾತ್ರ ಅಂದುಕೊಂಡಿದ್ದಾರೆ. ಹಾಗಲ್ಲ, ನಗರದ ಕಡೆಯ ತುದಿಯಾದ ಸಿಲ್ಕ್ ಬೋರ್ಡಿನಿಂದ ಅತ್ತಿಬೆಲೆವರೆಗಿನ ಸುಮಾರು 24 ಕಿಲೋಮೀಟರ್ ಎಲ್ಲಾ ಸೇರಿ ಒಂದೇ ಯೋಜನೆ.

ನಿರ್ವಹಣೆ ಹೇಗಿದೆ? ಮೇಲೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಗುಂಡಿ ಬಿದ್ದದ್ದು ಕಡಿಮೆ, ಬಿದ್ದರೂ ಬೇಗ ಮುಚ್ಚುತ್ತಾರೆ. ಬೆಂಗಳೂರಿನಲ್ಲಿ ಇದು ಸಣ್ಣ ಮಾತಲ್ಲ. ಜಾಯಿಂಟುಗಳ ಮೇಲೆ ಹೋಗುವಾಗ ಟಪ್ ಟಪ್ ಅನ್ನುವುದು ಮಾತ್ರ ವರ್ಷದಿಂದ ವರ್ಷಕ್ಕೆ ಜಾಸ್ತಿಯಾದಂತೆ ನನಗನ್ನಿಸುತ್ತದೆ. ಬೈಕಿನಲ್ಲಿದ್ದಾಗ ಬೆನ್ನಿಗೆ ಗೊತ್ತಾಗುತ್ತಿತ್ತು. ಇನ್ನು ಲಾರಿಯೊಂದು ಕೆಟ್ಟು ನಿಂತರೆ ಕಥೆ ಮುಗಿಯಿತು. ಪಕ್ಕಕ್ಕೆ ಸರಿಯಲು ಜಾಗ ಕಡಿಮೆ, ನಡುವೆ ಇಳಿಯುವ ದಾರಿಯಿಲ್ಲ.

ನನ್ನ ನಿಜವಾದ ತಕರಾರು ತುದಿಗಳದ್ದು. ಟೋಲ್ ಹುಟ್ಟುವ ಕಡೆ ಖಾಸಗಿ ದುಡ್ಡು ಬರುತ್ತದೆ, ರಸ್ತೆಯೂ ಚೆನ್ನಾಗಿರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಯಾರು ಟೋಲ್ ಹಾಕುತ್ತಾರೆ? ಹತ್ತು ಕಿಲೋಮೀಟರ್ ಉಳಿಸಿದ ಸಮಯವನ್ನೆಲ್ಲ ಸಂಜೆ ಹೊತ್ತು ಅಲ್ಲಿ ಕೊಟ್ಟು ಬರುತ್ತೇವೆ. ಅಲ್ಲಿ ಸ್ವಲ್ಪ ಸಲೀಸಾದದ್ದು 2024ರ ಜುಲೈನಲ್ಲಿ ರಾಗಿಗುಡ್ಡ ಕಡೆಯ ಡಬಲ್ ಡೆಕ್ಕರ್ ಫ್ಲೈಓವರ್ ತೆರೆದ ಮೇಲೆ. ಅದನ್ನು ಕಟ್ಟಿಸಿದ್ದು ಮೆಟ್ರೋ ನಿಗಮ, ಅದಕ್ಕೆ ಟೋಲ್ ಇಲ್ಲ.

ಅದೇ ವರ್ಷ ಅಕ್ಟೋಬರ್ ಮಳೆ ನೆನಪಿದೆಯಲ್ವಾ? ನಗರದ ಕಡೆ ಫ್ಲೈಓವರ್ ಇಳಿಯುವ ರೂಪೇನ ಅಗ್ರಹಾರದ ಹತ್ತಿರ ನೀರು ನಿಂತಿತು, ಮೇಲಿದ್ದ ಗಾಡಿಗಳಿಗೆ ಇಳಿಯಲು ಜಾಗವೇ ಇಲ್ಲ. ಎಷ್ಟೋ ಜನ ಬಸ್ಸು, ಕ್ಯಾಬ್ ಬಿಟ್ಟು ಫ್ಲೈಓವರ್ ಮೇಲೆ ನಡೆದುಕೊಂಡೇ ಹೋದರು. ಮೇಲಿನ ರಸ್ತೆಗೆ ಏನೂ ಆಗಿರಲಿಲ್ಲ, ಟೋಲೂ ಎಲ್ಲರೂ ಕೊಟ್ಟಿದ್ದರು.

ದರ: ಪ್ರತಿ ಜುಲೈಗೆ ಏರುತ್ತದೆ. 2023ರಲ್ಲಿ ಕಾರಿಗೆ ಒಂದು ಕಡೆಗೆ 60 ರೂಪಾಯಿ, ಬೈಕಿಗೆ 25. ಹೌದು, ಬೈಕಿಗೂ. ಬೇರೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸುಮ್ನೆ ಪಕ್ಕದಿಂದ ನುಸುಳಿ ಹೋಗುವ ಬೈಕಿನವರಿಗೆ ಇಲ್ಲಿ ಅದು ನಡೆಯುವುದಿಲ್ಲ. ನನಗೆ ಇದು ಇವತ್ತಿಗೂ ಸರಿ ಅನ್ನಿಸಿಲ್ಲ. ಅದೇ ದಿನ ವಾಪಸ್ ಬರುವುದಿದ್ದರೆ ಎರಡು ಟ್ರಿಪ್ಪಿಗೆ ಒಂದೂವರೆ ಪಟ್ಟು ಮಾತ್ರ. ಫಾಸ್ಟ್ಯಾಗ್ ಇದ್ದರೆ ಅದು ತಾನಾಗಿಯೇ ಹಿಡಿಯುತ್ತದೆ. ಯಾವಾಗಲೂ ಸರಿಯಾಗಿ ಹಿಡಿಯುತ್ತದೆ ಅಂತಲ್ಲ. ನನಗೊಮ್ಮೆ ಒಂದೇ ಟ್ರಿಪ್ಪಿಗೆ ಎರಡು ಸಲ ಕಟ್ ಆಗಿತ್ತು. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದುಡ್ಡು ವಾಪಸ್ ಬಂತು, ಆದರೆ ಬ್ಯಾಂಕಿನವರು ಸಾಕಷ್ಟು ಅಲೆಸಿದರು. ಮೆಸೇಜ್ ಬಂದ ಕೂಡಲೇ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಲೆಕ್ಕ ಪೂರ್ತಿ ಬದಲಾದದ್ದು 2025ರ ಆಗಸ್ಟ್ 15ಕ್ಕೆ, ವಾರ್ಷಿಕ ಪಾಸ್ ಬಂದಾಗ. ಆಗ ಸ್ವಂತ ಕಾರಿಗೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಒಂದು ಸಲಕ್ಕೆ 15 ರೂಪಾಯಿ ಬಿತ್ತು. ದಿನಾ ಹೋಗಿ ಬರುವವರಿಗೆ 200 ಬೇಗ ಮುಗಿಯುತ್ತದೆ, ಆದರೂ ಲಾಭವೇ. ಟ್ಯಾಕ್ಸಿ, ಬೈಕಿಗೆ ಇದಿಲ್ಲ. ನೈಸ್ ಅನ್ನುವ ಖಾಸಗಿ ಟೋಲ್ ರಸ್ತೆಯಲ್ಲೂ ನಡೆಯುವುದಿಲ್ಲ, ಅದು ರಾಷ್ಟ್ರೀಯ ಹೆದ್ದಾರಿ ಅಲ್ಲವಲ್ಲ.

ಈ ಫ್ಲೈಓವರ್ ಯಾರಿಗೆ ಬೇಡ? ನಿಮ್ಮ ಕೆಲಸ ಸಿಂಗಸಂದ್ರದಲ್ಲೋ ಹೊಸ ರೋಡಿನಲ್ಲೋ ಇದ್ದರೆ ಕೆಳಗಿನ ದಾರಿಯೇ ಗತಿ. ಅದೇ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಅವರಿಗೂ ಒಂದು ದಾರಿ ಆಗಿದೆ. ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಓಡುತ್ತದೆ, ಸಿಲ್ಕ್ ಬೋರ್ಡ್ ದಾಟಿದ ಮೇಲೆ ಇದೇ ಹೊಸೂರು ರಸ್ತೆ ಹಿಡಿದು. ಜೋರು ಮಳೆ ಅಂದ ದಿನ ನಾನೂ ಕಾರು ತೆಗೆಯುವುದಿಲ್ಲ.

ಒಪ್ಪಂದ ಮುಗಿದ ಮೇಲೆ ಎಲ್ಲಾ ಫ್ರೀ ಅಂತ ಆಫೀಸಿನಲ್ಲಿ ಕೆಲವರು ಕಾಯುತ್ತಿದ್ದಾರೆ. ಹಾಕಿದ ದುಡ್ಡು ಬಂದ ಮೇಲೆ ದರವನ್ನು ಶೇ 40ಕ್ಕೆ ಇಳಿಸಬೇಕು ಅಂತ 2008ರ ಶುಲ್ಕ ನಿಯಮದಲ್ಲಿತ್ತು. 2023ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದಿದ್ದಾರೆ. ಅಂದರೆ ಕಂಪನಿ ಹೋದರೂ ಗೇಟು ಉಳಿಯಬಹುದು, ದುಡ್ಡು ಸರ್ಕಾರಕ್ಕೆ ಹೋಗಬಹುದು. ಅಷ್ಟು ಆದರೆ ಆ ದುಡ್ಡಿನಲ್ಲಿ ಮೊದಲು ರೂಪೇನ ಅಗ್ರಹಾರದ ಚರಂಡಿ ಸರಿ ಮಾಡಿಸಲಿ. ತುದಿಗಳು ತಿಂದ ಒಂದು ಸ್ಟಾರ್ ಜೊತೆಗೆ ಉಳಿದ ಅರ್ಧ ಸ್ಟಾರನ್ನೂ ನಾನೇ ಸೇರಿಸುತ್ತೇನೆ.