ಅಜ್ಜನ ಟ್ರಂಕು, ಶಾಂತವೇರಿ ಗೋಪಾಲಗೌಡರು ಮತ್ತು ಒಂದು ಸ್ಕ್ಯಾನಿಂಗ್ ಅಂಗಡಿ

ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಬೈಂಡ್ ಮಾಡಿಕೊಡುವ ಒಂದು ಪುಟ್ಟ ಅಂಗಡಿ ಶಿವಮೊಗ್ಗದಲ್ಲಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಈಗ ಬಂದಿರುವ ಕೆಲಸವೇ ಮುಗಿಯುತ್ತಿಲ್ಲ, ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡರು, ಹಾಗಾಗಿ ಹಾಕುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ನಮ್ಮದರಂಥ ಟ್ರಂಕು ಇನ್ನೂ ಇದೆ. ಅದನ್ನು ಎಂಥವರ ಕೈಗೆ ಕೊಡಬೇಕು, ಕೊಡುವಾಗ ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಒಳ್ಳೆಯದು ಅಲ್ವಾ.

ನಮ್ಮ ಅಜ್ಜ ಸಾಗರದ ಕಡೆಯವರು, ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಅವರ ಟ್ರಂಕಿನಲ್ಲಿ ಇದ್ದದ್ದು ನಾಲ್ಕು ಲೆಕ್ಕದ ಪುಸ್ತಕ, ಒಂದಷ್ಟು ಪೇಪರ್ ಕಟಿಂಗು, ಕೋರ್ಟು ಕಚೇರಿಯ ಕಾಗದ. ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಎರಡು ಪುಸ್ತಕದ ಮೂಲೆಯನ್ನು ಗೆದ್ದಲು ತಿಂದಿತ್ತು. ಕೆಲವು ವರ್ಷಗಳ ಹಿಂದೆ ಬೇರೊಂದು ಅಂಗಡಿಯಲ್ಲಿ ಒಂದು ಕಟಿಂಗನ್ನು ಲ್ಯಾಮಿನೇಷನ್ ಮಾಡಿಸಿದ್ದೆವು. ಅದು ಒಳಗೇ ಕಂದಿಹೋಯಿತು, ಈಗ ಅಕ್ಷರ ಓದಲು ಬರುವುದಿಲ್ಲ, ಪ್ಲಾಸ್ಟಿಕ್ ಬಿಡಿಸಲೂ ಆಗುವುದಿಲ್ಲ. ಅದು ಸಮಾಜವಾದಿ ನಾಯಕ, ಶಾಸಕರಾಗಿದ್ದ ಶಾಂತವೇರಿ ಗೋಪಾಲಗೌಡರು ತೀರಿಕೊಂಡ ಸುದ್ದಿ, 1972ರ ಜೂನ್ ತಿಂಗಳದ್ದು. ಅಜ್ಜ ಅದನ್ನು ಮಡಚಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನಾವು ಹಾಳು ಮಾಡಿದೆವು. ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ಈ ಸಲ ಅಂಗಡಿ ಹುಡುಕುವಾಗ ತುಂಬಾ ವಿಚಾರಿಸಿದೆ.

ಮೊದಲು ಇಷ್ಟವಾದದ್ದು, ಟ್ರಂಕು ನೋಡಿದ ಕೂಡಲೇ ಅವರು ರೇಟು ಹೇಳಲಿಲ್ಲ. 'ಇದರಲ್ಲಿ ಏನಿದೆ ಹೇಳಿ, ಯಾರು ಬರೆದದ್ದು' ಎಂದು ಆ ಅಕ್ಕ ಕೇಳಿದರು. ಒಂದೊಂದೇ ಹಾಳೆ ತೆಗೆದು, ಮೆತ್ತನೆ ಬ್ರಷ್ಷಿನಲ್ಲಿ ಧೂಳು ಒರೆಸಿ, ಯಾವುದನ್ನು ಬಿಡಿಸಬಹುದು ಯಾವುದನ್ನು ಮುಟ್ಟಬಾರದು ಅಂತ ಬೇರೆ ಬೇರೆ ಇಟ್ಟರು. ಪುಸ್ತಕವನ್ನು ಒತ್ತಿ ಮಲಗಿಸುವ ಸಾಧಾರಣ ಸ್ಕ್ಯಾನರ್ ಅಲ್ಲ, ಮೇಲಿನಿಂದ ಫೋಟೋ ತೆಗೆಯುವ ಥರದ್ದು ಅವರ ಹತ್ತಿರ ಇದೆ. ಹಾಗಾಗಿ ಬೆನ್ನು ಮುರಿಯುವುದಿಲ್ಲ. ಪುಟಕ್ಕೆ 8 ರೂಪಾಯಿ. ಬೇರೆ ಕಡೆ 2 ರೂಪಾಯಿಗೆ ಮಾಡುತ್ತಾರೆ, ನಿಜ. ಆದರೆ ಅಲ್ಲಿ ಪುಸ್ತಕ ಬಿಚ್ಚಿ ಹಾಳೆ ಹಾಳೆ ಮಾಡಿ ಮಷಿನಿಗೆ ತುರುಕುತ್ತಾರೆ. 70 ವರ್ಷದ ಕಾಗದ ಅದನ್ನು ತಡೆಯುವುದಿಲ್ಲ.

ಆ ಅಕ್ಕ ಕೇಳಿದ್ದಕ್ಕೆ ನಾನು ಹೇಳಿದ ಕಥೆಯನ್ನು ಇಲ್ಲೂ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಅಲ್ಲಿ ಆದ ಒಂದು ತಪ್ಪು ನನಗೆ ಯಾಕೆ ಅಷ್ಟು ದೊಡ್ಡದಾಯಿತು ಅಂತ ನಿಮಗೆ ಅರ್ಥವಾಗುವುದಿಲ್ಲ.

ಮೊದಲ ಪುಸ್ತಕ 1950-51ರದ್ದು. ಅದರಲ್ಲಿ ಅಜ್ಜ ಎರಡು ಕೊಳಗದ ಚಿತ್ರ ಬರೆದಿದ್ದಾರೆ, ಒಂದು ಚಿಕ್ಕದು, ಒಂದು ದೊಡ್ಡದು. ಭತ್ತ ಅಳೆದು ಗೇಣಿ ಕೊಡುವಾಗ ಒಡೆಯರ ಮನೆಯಲ್ಲಿ ದೊಡ್ಡ ಕೊಳಗ ಬರುತ್ತಿತ್ತು. ಲೆಕ್ಕದಲ್ಲಿ ಕೊಳಗ ಕೊಳಗವೇ, ಆದರೆ ಮನೆಗೆ ಉಳಿಯುವ ಭತ್ತ ಮಾತ್ರ ಕಡಿಮೆ. ಸಾಗರದ ಹತ್ತಿರದ ಕಾಗೋಡಿನಲ್ಲಿ ನಡೆದ ಕಾಗೋಡು ಸತ್ಯಾಗ್ರಹ ಹುಟ್ಟಿದ್ದೇ ಈ ಕೊಳಗದ ಜಗಳದಿಂದ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟುಗೂಡಿಸಿದರು, 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹಿಡಿದು ಗದ್ದೆಗೆ ಇಳಿದರು, ಜೈಲು ತುಂಬಿತು. ಸಮಾಜವಾದಿ ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಗೋಪಾಲಗೌಡರು, ಆಗಿನ್ನೂ 28 ವರ್ಷ, ಆ ಹೋರಾಟದ ಮುಂದೆ ನಿಂತರು.

ಮರು ವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಸಮಾಜವಾದಿ ಪಕ್ಷದಿಂದ ಸಾಗರ, ಹೊಸನಗರದ ಕಡೆ ನಿಂತರು. ಗುರುತು ಮರ. ಕೈಯಲ್ಲಿ ದುಡ್ಡಿಲ್ಲ. 'ಒಂದು ಓಟು, ಒಂದು ನೋಟು' ಎಂದು ಜನರನ್ನೇ ಕೇಳಿದರು. ಈ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು, ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಅಜ್ಜನ ಪುಸ್ತಕದಲ್ಲಿ ಅದು ಮಾತಲ್ಲ, ಲೆಕ್ಕ. ಉಪ್ಪು, ಸೀಮೆಎಣ್ಣೆ, ಎತ್ತಿನ ಹಗ್ಗ ಎಂದು ಬರೆದ ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಅಡ್ಡಡ್ಡವಾಗಿ: 'ಗೌಡ್ರಿಗೆ 1 ರೂ.'

ಸ್ಕ್ಯಾನ್ ಮಾಡಿ ಕೊಟ್ಟ ಮೊದಲ ಪಿಡಿಎಫ್‌ನಲ್ಲಿ ಈ ಸಾಲೇ ಇರಲಿಲ್ಲ.

ಅಂಚು ತಾನೇ ಕತ್ತರಿಸಿಕೊಳ್ಳುವ ಸೆಟ್ಟಿಂಗ್ ಹಾಕಿ ಮಾಡಿದ್ದರು. ಪುಟ ನೀಟಾಗಿ ಕಾಣುತ್ತಿತ್ತು, ಆದರೆ ಅಂಚಿನಲ್ಲಿ ಬರೆದದ್ದೆಲ್ಲ ಹೋಗಿತ್ತು. ಮಸುಕು ಪೆನ್ಸಿಲ್ ಗುರುತುಗಳನ್ನು ಕಲೆ ಅಂತ ತಿಳಿದು ಒರೆಸಿಯೂ ಹಾಕಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು. ಮರುದಿನವೇ ಬಸ್ಸು ಹತ್ತಿ ಹೋದೆ. ಅಸಲು ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಅಣ್ಣ ಒಂದು ಮಾತೂ ವಾದ ಮಾಡಲಿಲ್ಲ. ನಾಲ್ಕೂ ಪುಸ್ತಕವನ್ನು ಮತ್ತೆ ಮೊದಲಿಂದ, ಅಂಚು ಕತ್ತರಿಸದೆ ಸುತ್ತ ಎರಡು ಬೆರಳು ಜಾಗ ಸೇರಿಸಿ, ಬಣ್ಣದಲ್ಲೇ, 600 ಡಿಪಿಐನಲ್ಲಿ ಮಾಡಿದರು. ದುಡ್ಡು ಜಾಸ್ತಿ ಕೇಳಲಿಲ್ಲ. ಒಂಬತ್ತು ದಿನ ತಡವಾಯಿತು, ಆಗಲಿ. ನೀವು ಕೊಡುವಾಗ ಮೊದಲೇ ಹೇಳಿಬಿಡಿ: ಅಂಚು ಕತ್ತರಿಸಬೇಡಿ, ಕಪ್ಪು ಬಿಳುಪು ಮಾಡಬೇಡಿ, ಕಲೆ ತೆಗೆಯಬೇಡಿ.

ಎರಡನೇ ಸಲ ಮಾಡಿದ ಪುಟಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ಹೋದಾಗ, ಕೈಯಲ್ಲಿ ಹಿಡಿದಾಗ ಕಾಣದ್ದೂ ಕಂಡಿತು. 1952ರಲ್ಲಿ ಗೆದ್ದಿದ್ದ ಗೌಡರು 1957ರಲ್ಲಿ ಸೋತರು. ಆ ವರ್ಷದ ಪುಸ್ತಕದಲ್ಲೂ ಅಂಚಿನಲ್ಲಿ ಅದೇ ಒಂದು ರೂಪಾಯಿ ಇದೆ. 1962ರದ್ದರಲ್ಲಿ ಎರಡು ರೂಪಾಯಿ. ಆ ಸಲ ಗೆದ್ದರು, 1967ರಲ್ಲೂ ಗೆದ್ದರು. ಮೂರು ಸಲ ಶಾಸಕರಾದರು, ಒಂದು ಸಲವೂ ಮಂತ್ರಿಯಾಗಲಿಲ್ಲ, ವಿರೋಧ ಪಕ್ಷದ ಸಾಲಿನಲ್ಲೇ ಕೂತರು. 1952ರ ಜೂನ್‌ನಲ್ಲಿ ಮೊದಲ ಅಧಿವೇಶನ ನಡೆದಾಗ ವಿಧಾನಸೌಧ ಇನ್ನೂ ಕಟ್ಟುತ್ತಿದ್ದರು, ಸಭೆ ಸೇರಿದ್ದು ಎದುರಿನ ಅಠಾರ ಕಚೇರಿಯಲ್ಲಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡದಲ್ಲಿ. ಹೊಸ ಕಟ್ಟಡಕ್ಕೆ ಸಭೆ ಬಂದದ್ದು 1956ರ ಡಿಸೆಂಬರ್‌ನಲ್ಲಿ. ಅಂದರೆ ಆ ದೊಡ್ಡ ಸಭಾಂಗಣದಲ್ಲಿ ಅವರು ಹೆಚ್ಚು ಮಾತಾಡಿದ್ದು 1962ರ ನಂತರವೇ. ಉಳುವವನಿಗೆ ಭೂಮಿ ಕೊಡಿ, ಆಡಳಿತ ಕನ್ನಡದಲ್ಲಿ ನಡೆಯಲಿ, ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಎಂದು ಕೇಳುತ್ತಲೇ ಇದ್ದರು. 1972ರ ಜೂನ್ 9ರಂದು, 49ನೇ ವಯಸ್ಸಿಗೆ ಹೋಗಿಬಿಟ್ಟರು. ಮರು ವರ್ಷ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು. ಎರಡನ್ನೂ ನೋಡಲು ಅವರಿರಲಿಲ್ಲ.

ಗೌಡರ ಬಗ್ಗೆ ಮಾತಾಡುವಾಗ ಜೆ.ಎಚ್. ಪಟೇಲ್, ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಎಂದು ಅವರ ಗರಡಿಯಿಂದ ಬಂದು ಮುಖ್ಯಮಂತ್ರಿಯೋ ಸ್ಪೀಕರೋ ಆದವರ ಹೆಸರು ಹೇಳುವುದು ರೂಢಿ. ಅದು ಸರಿಯೇ. ಆದರೆ ಒಬ್ಬ ಶಾಸಕನ ಕೆಲಸ ಅಳೆಯಬೇಕಾದರೆ ನಾನು ಟ್ರಂಕಿನ ತಳದಲ್ಲಿದ್ದ ಕಾಗದವನ್ನೇ ತೋರಿಸುತ್ತೇನೆ. ಅದು ನಮೂನೆ 7ರ ನಕಲು, ಗೇಣಿ ಮಾಡುತ್ತಿದ್ದ ಗದ್ದೆ ತನಗೆ ಕೊಡಿ ಎಂದು ಅರಸರ ಆ ತಿದ್ದುಪಡಿಯ ಪ್ರಕಾರ ಅಜ್ಜ ಭೂ ನ್ಯಾಯಮಂಡಳಿಗೆ ಹಾಕಿದ ಅರ್ಜಿ. ಮೊದಮೊದಲು ಮಂಡಳಿಯ ಮುಂದೆ ವಕೀಲರಿಗೆ ಅವಕಾಶ ಇರಲಿಲ್ಲ, ಗೇಣಿದಾರನೇ ಎದ್ದು ನಿಂತು ಹೇಳಬೇಕಿತ್ತು. ಒಡೆಯರ ಜಗಲಿಯಲ್ಲಿ ಕೂರಲೂ ಹಿಂಜರಿಯುತ್ತಿದ್ದ ನಮ್ಮಜ್ಜ ಅಲ್ಲಿ ನಿಂತು ಮಾತಾಡಿದರು. ಗದ್ದೆ ನಮ್ಮದಾಯಿತು. ನಮ್ಮಪ್ಪ ಓದಿದ್ದು ಆ ಗದ್ದೆಯಿಂದ, ನಾನು ಓದಿದ್ದೂ ಅದರಿಂದ.

ಈ ನಮೂನೆ 7 ನಾಲ್ಕು ತುಂಡಾಗಿತ್ತು. ಅಂಟು ಟೇಪ್ ಹಾಕಬಾರದು ಎಂದು ಆ ಅಕ್ಕ, ತೆಳು ಟಿಶ್ಯೂ ಕಾಗದವನ್ನು ಹಿಂದಿನಿಂದ ಗಂಜಿಯಲ್ಲಿ ಅಂಟಿಸಿ ಸೇರಿಸಿದರು. ಅದಕ್ಕೆ 350 ರೂಪಾಯಿ ಬೇರೆ. ಸೀಲು, ಸಹಿ ಎಲ್ಲ ಜಾಗಕ್ಕೆ ಸರಿಯಾಗಿ ಕೂತಿದೆ.

ಬೈಂಡಿಂಗ್ ಬಗ್ಗೆ ಅಷ್ಟೇನೂ ಹೇಳಲಾರೆ. ಕ್ಯಾಲಿಕೋ ಬಟ್ಟೆ, ದಾರದ ಹೊಲಿಗೆ, ಗಟ್ಟಿಯಾಗಿದೆ. ಬೆನ್ನಿನ ಮೇಲಿನ ಬಂಗಾರದ ಅಕ್ಷರ ಸ್ವಲ್ಪ ಓರೆಯಾಗಿದೆ. ಕನ್ನಡ ಅಕ್ಷರ ಗುರುತಿಸುವ ಸೌಲಭ್ಯವೂ ಇದೆ ಎಂದಿದ್ದರು, ಕೈಬರಹಕ್ಕೆ ಅದು ಕೆಲಸಕ್ಕೆ ಬರಲಿಲ್ಲ. ಪೇಪರ್ ಕಟಿಂಗಿಗೂ ತಪ್ಪು ಜಾಸ್ತಿ. ಅದಕ್ಕೆ ಬೇರೆ ದುಡ್ಡು ಕೊಡಬೇಡಿ, ನೀವೇ ಕೂತು ಟೈಪ್ ಮಾಡಿಕೊಳ್ಳುವುದು ಮೇಲು. ಲ್ಯಾಮಿನೇಷನ್ ಆದ ಕಟಿಂಗನ್ನೂ ತೋರಿಸಿದೆ. ಏನೂ ಮಾಡಲಾಗುವುದಿಲ್ಲ ಎಂದು ನೇರವಾಗಿ ಹೇಳಿದರು. ಸುಳ್ಳು ಭರವಸೆ ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ, ಆ ಗುಣ ನನಗೆ ಬಹಳ ಹಿಡಿಸಿತು.

ಒಟ್ಟು ಖರ್ಚು 5,900 ರೂಪಾಯಿ, ಎರಡು ಪೆನ್‌ಡ್ರೈವ್ ಸೇರಿ. ಮಳೆಗಾಲದಲ್ಲಿ ಕಾಗದ ಕೊಡಬೇಡಿ ಎಂದು ಅವರೇ ಹೇಳುತ್ತಾರೆ, ತೇವ ಇಳಿಯದೆ ಹಾಳೆ ಬಿಡಿಸಲು ಆಗುವುದಿಲ್ಲವಂತೆ. ಬೇಸಿಗೆಯಲ್ಲಿ, ಬಿಸಿಲಿಗೆ ಹಾಕದೆ, ನೆರಳಿನಲ್ಲಿ ನಾಲ್ಕು ದಿನ ಆರಿಸಿ ಒಯ್ಯಿರಿ.

ಅಮ್ಮ 1952ರ ಆ ಒಂದೇ ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ದೇವರ ಕೋಣೆಯ ಪಕ್ಕದ ಗೋಡೆಗೆ ತೂಗುಹಾಕಿದ್ದಾರೆ. 1967ರ ಪುಸ್ತಕ ನಮ್ಮ ಟ್ರಂಕಿನಲ್ಲಿ ಇರಲಿಲ್ಲ. ಅತ್ತೆ ಮನೆಯ ಅಟ್ಟದಲ್ಲಿ ಅಜ್ಜನದ್ದೇ ಇನ್ನೊಂದು ಪೆಟ್ಟಿಗೆ ಇದೆಯಂತೆ. ಮಳೆ ನಿಂತ ಮೇಲೆ ಇಳಿಸಿಕೊಡುತ್ತೇನೆ ಎಂದಿದ್ದಾರೆ. ಅದನ್ನೂ ಈ ಅಂಗಡಿಗೇ ಒಯ್ಯುತ್ತೇನೆ.