ಮೂರು ಸೈಕಲು, ಒಂದೇ ದಾರಿ: ಕುಂಬಳೆಯಿಂದ ಕಾಸರಗೋಡಿಗೆ

ಒಂದೇ ಬೆಳಿಗ್ಗೆ ಒಬ್ಬನನ್ನೇ ಮೂರು ಸಲ ಹಿಂದಿಕ್ಕಬೇಕಾಗಿ ಬಂದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಮೊದಲನೆಯ ಸಲ ಪೆರ್ವಾಡಿನ ಹತ್ತಿರ. ಬೆಲ್ಲು ಬಾರಿಸಿ, ಸ್ವಲ್ಪ ಗತ್ತಿನಿಂದಲೇ ಮುಂದೆ ಹೋದೆ. ಮೊಗ್ರಾಲಿನಲ್ಲಿ ಮೀನಿನ ಲಾರಿಯೊಂದು ಸರ್ವಿಸ್ ರಸ್ತೆಗೆ ಅಡ್ಡವಾಗಿ ನಿಂತಿತ್ತು. ನಾನು ಬ್ರೇಕು ಹಿಡಿದು, ಕಾಲೂರಿ, ಗೇರು ಇಳಿಸುತ್ತ ನಿಂತಿರುವಾಗ ಆತ ಕಾಲನ್ನು ನೆಲಕ್ಕೆ ತಾಗಿಸದೆ ಲಾರಿಯ ಪಕ್ಕದ ಸಂದಿಯಲ್ಲಿ ನುಸುಳಿ ಹೋದ. ಹೊಳೆಯ ಸೇತುವೆ ದಾಟಿದ ಮೇಲೆ ಮತ್ತೆ ಹಿಂದಿಕ್ಕಿದೆ. ಚೌಕಿಯಲ್ಲಿ ಬಸ್ಸಿನಿಂದ ಜನ ಇಳಿಯುತ್ತಿದ್ದರು, ಮತ್ತೆ ಅದೇ ಕಥೆ. ಮೂರನೆಯ ಸಲ ಬೆಲ್ಲು ಬಾರಿಸಲು ಮನಸ್ಸಾಗಲಿಲ್ಲ. ಆತನ ಹ್ಯಾಂಡಲಿಗೆ ತೂಗುಹಾಕಿದ್ದ ಬುತ್ತಿಯ ಡಬ್ಬ ಮಾತ್ರ ಟಣಟಣ ಎನ್ನುತ್ತಿತ್ತು. ಎಡಗಡೆಯ ಪೆಡಲಿಗೆ ರಬ್ಬರೇ ಇರಲಿಲ್ಲ. ಬರಿಯ ಕಬ್ಬಿಣದ ಕಡ್ಡಿಯ ಮೇಲೆ ಹವಾಯಿ ಚಪ್ಪಲಿ.

ಇಲ್ಲಿ ಕೆಲಸಕ್ಕೆ ಸೈಕಲಿನಲ್ಲಿ ಹೋಗುವವರಲ್ಲಿ ಹೆಚ್ಚಿನವರು ಹೊರರಾಜ್ಯಗಳಿಂದ ಬಂದ ಕಾರ್ಮಿಕರು. ಎಲ್ಲರೂ ಅವರನ್ನು ‘ಭಾಯಿ’ ಎಂದೇ ಕರೆಯುತ್ತಾರೆ. ಊರಿನವರಲ್ಲಿ ಸೈಕಲು ತುಳಿಯುವವರು ಒಂದೋ ಶಾಲೆಯ ಮಕ್ಕಳು, ಇಲ್ಲವೇ ಸಕ್ಕರೆ ಕಾಯಿಲೆ ಬಂದವರು. ನಾನು ಎರಡನೆಯ ಗುಂಪಿಗೆ ಸೇರಿದವನು. ಕಾಸರಗೋಡು ಪೇಟೆಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ಹಾಗಾಗಿ ನಾಚಿಕೆಯಾದರೂ ಅದನ್ನು ಕಾಲಂ ಎಳೆದು ಬರೆದಿಡುವುದು ಅಭ್ಯಾಸ.

ಬರೆದಿಡಲು ಅನುಕೂಲವೂ ಒದಗಿತ್ತು. ಮನೆಯಲ್ಲಿ ಅಪ್ಪನ ಕಾಲದ ಕರಿಯ ರಾಡ್ ಬ್ರೇಕಿನ ಸೈಕಲು ಇತ್ತು. ಡಾಕ್ಟರು ಹೆದರಿಸಿದ ಮೇಲೆ ನಾನು ಕೊಂಡ 21 ಗೇರಿನ ಸೈಕಲು ಇತ್ತು. ಇವೆರಡರ ಜೊತೆಗೆ ಅಕ್ಕನ ಗಂಡ, ಅಂದರೆ ಭಾವ, ದುಬೈಗೆ ಹೊರಡುವಾಗ ‘ಸುಮ್ಮನೆ ಬಿದ್ದಿದ್ದರೆ ಬ್ಯಾಟರಿ ಹಾಳಾಗುತ್ತದೆ, ಓಡಿಸುತ್ತಿರು’ ಎಂದು ತಮ್ಮ ಬ್ಯಾಟರಿ ಸೈಕಲನ್ನು ನಮ್ಮ ಅಂಗಳದಲ್ಲಿ ಬಿಟ್ಟು ಹೋದರು. ಮೂರನ್ನೂ ಅಡಿಕೆ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಅಪ್ಪನದು 21 ಕಿಲೋ, ನನ್ನದು 14, ಭಾವನದು 24. ಅಂಗಡಿಯವರು ‘ಇವತ್ತು ಹಳೆ ಅಡಿಕೆಯೋ ಹೊಸದೋ’ ಎಂದು ಕೇಳಿ ನಕ್ಕರು.

ಮನೆಯ ಬಾಗಿಲಿನಿಂದ ಕಚೇರಿಯ ಮೆಟ್ಟಿಲಿನವರೆಗೆ 12 ಕಿ.ಮೀ. 400 ಮೀಟರ್. ಒಂದೊಂದರಲ್ಲಿ 20 ಕೆಲಸದ ದಿನ ಓಡಿಸಿದೆ, ಎಲ್ಲವೂ ಮಳೆಯಿಲ್ಲದ ತಿಂಗಳುಗಳಲ್ಲಿ. ಬೆಳಗಿನ ಸರಾಸರಿ ಸಮಯ ಅಪ್ಪನ ಸೈಕಲಿನಲ್ಲಿ 47 ನಿಮಿಷ, ಗೇರಿನದರಲ್ಲಿ 40, ಬ್ಯಾಟರಿಯದರಲ್ಲಿ 35. ವೇಗದ ಲೆಕ್ಕಕ್ಕೆ ತಂದರೆ ಗಂಟೆಗೆ ಸುಮಾರು 16, 18.5 ಮತ್ತು 21 ಕಿ.ಮೀ. ಇಷ್ಟೇ ಹೇಳಿ ಮುಗಿಸಿದರೆ ಬ್ಯಾಟರಿ ಗೆದ್ದಿತು ಎಂದಾಗುತ್ತದೆ. ಆದರೆ ಈ ಅಂಕಿಗಳು ಇಡೀ ದಾರಿಯದ್ದು. ದಾರಿಯಲ್ಲಿ ಮುಂದೆ ಹೋಗುತ್ತಿರುವವನ ಬೆನ್ನು ಕಂಡಾಗ ಏನಾಗುತ್ತದೆ ಎಂಬುದು ಇವುಗಳಿಂದ ತಿಳಿಯುವುದಿಲ್ಲ.

ಅದನ್ನು ಒಂದು ಸಂಜೆ ಕಚೇರಿಯ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಬ್ಬ ಸವಾರನನ್ನು ಸುರಕ್ಷಿತವಾಗಿ ದಾಟಬೇಕಾದರೆ ಅವನ ಹಿಂದೆ ಮೂರು ನಾಲ್ಕು ಮೀಟರ್ ಇರುವಾಗಲೇ ಬಲಕ್ಕೆ ಸರಿಯಬೇಕು, ಮುಂದೆ ಅಷ್ಟೇ ಅಂತರ ಬಿಟ್ಟು ಎಡಕ್ಕೆ ಬರಬೇಕು. ಸೈಕಲುಗಳ ಉದ್ದವೂ ಸೇರಿದರೆ ಅವನಿಗಿಂತ ಹತ್ತು ಮೀಟರ್ ಹೆಚ್ಚು ಕ್ರಮಿಸಬೇಕು ಎಂದಿಟ್ಟುಕೊಳ್ಳೋಣ. ಆತ 16ರಲ್ಲಿ, ನಾನು 18ರಲ್ಲಿ ಹೋಗುತ್ತಿದ್ದರೆ ನಮ್ಮ ನಡುವಿನ ವ್ಯತ್ಯಾಸ ಸೆಕೆಂಡಿಗೆ ಅರ್ಧ ಮೀಟರಿಗಿಂತ ಚೂರು ಹೆಚ್ಚು. ದಾಟಲು 18 ಸೆಕೆಂಡು ಬೇಕು. ಅಷ್ಟು ಹೊತ್ತಿಗೆ ನಾನು 90 ಮೀಟರ್ ದೂರ ರಸ್ತೆಯ ನಡುವಿನಲ್ಲೇ ಸಾಗಿರುತ್ತೇನೆ! ನಮ್ಮ ಸರ್ವಿಸ್ ರಸ್ತೆಯಲ್ಲಿ ಎದುರಿನಿಂದಲೂ ಸ್ಕೂಟರು, ಆಟೋ ಬರುತ್ತವೆ. 90 ಮೀಟರ್ ಖಾಲಿ ರಸ್ತೆ ಸಿಗುವುದು ಹರತಾಳದ ದಿನ ಮಾತ್ರ. ಅದೇ 25ರಲ್ಲಿ ಹೋದರೆ ನಾಲ್ಕು ಸೆಕೆಂಡು, 28 ಮೀಟರ್. ಮುಗಿಯಿತು.

ಹೀಗಾಗಿ ಅಪ್ಪನ ಸೈಕಲಿನಲ್ಲಿ ಯಾರನ್ನೂ ಹಿಂದಿಕ್ಕುವ ಪ್ರಶ್ನೆಯೇ ಏಳಲಿಲ್ಲ. ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರ್ ಮುಂದೆ. ನಿಮಿಷಕ್ಕೆ 50 ಸುತ್ತು ತುಳಿದರೆ 16 ಕಿ.ಮೀ. ವೇಗ, 60 ತುಳಿದರೆ 19ಕ್ಕೂ ಸ್ವಲ್ಪ ಮೇಲೆ. ಅದಕ್ಕಿಂತ ಹೆಚ್ಚಿಗೆ ಹೋದರೆ ಸ್ಪ್ರಿಂಗ್ ಸೀಟಿನ ಮೇಲೆ ಕುಪ್ಪಳಿಸಲು ಶುರುವಾಗುತ್ತದೆ, ನೋಡುವವರಿಗೆ ತಮಾಷೆ. ಹೆಚ್ಚು ಕಡಿಮೆ ಎಲ್ಲ ಭಾಯಿಗಳ ಸೈಕಲಿನ ಹಲ್ಲುಗಳೂ ಇದೇ ಅಳತೆಯವು. ಆದ್ದರಿಂದ ಇಪ್ಪತ್ತು ದಿನವೂ ನಾವೆಲ್ಲ ಒಂದೇ ಸಾಲಿನಲ್ಲಿ, ಒಂದೇ ತಾಳಕ್ಕೆ ಹೋದೆವು. ಒಬ್ಬನ ಹಿಂದೆ ಒಬ್ಬ. ಮುಂದಿನವನ ಬೆನ್ನು ಗಾಳಿ ತಡೆಯುತ್ತಿದ್ದುದರಿಂದ ಕಾಲಿಗೆ ಹಗುರ ಎನಿಸುತ್ತಿತ್ತು. ಆದರೆ ತೀರ ಹತ್ತಿರ ಹೋದರೆ ರಸ್ತೆಯ ಗುಂಡಿ ಕಾಣುವುದು ಅದರೊಳಗೆ ಬಿದ್ದ ಮೇಲೆಯೇ. ಆ ದಿನಗಳಲ್ಲಿ ಶಾಲೆಯ ಹುಡುಗರು ನನ್ನನ್ನು ಹಿಂದಿಕ್ಕಿ ಹೋಗುತ್ತಿದ್ದರು, ಹೋಗುವಾಗ ತಿರುಗಿಯೂ ನೋಡುತ್ತಿರಲಿಲ್ಲ. ಕರಿಯ ಸೈಕಲಿನ ಮುದುಕಪ್ಪನನ್ನು ದಾಟುವುದು ಅವರ ಲೆಕ್ಕದಲ್ಲಿ ಮೈಲಿಗಲ್ಲು ದಾಟಿದ ಹಾಗೆ. ನನಗೂ ಏನೂ ಅನಿಸಲಿಲ್ಲ.

ಗೇರಿನ ಸೈಕಲು ಹತ್ತಿದ ಮರುದಿನವೇ ಇದು ಬದಲಾಯಿತು. ಅದೇ ಹುಡುಗರು, ಅದೇ ರಸ್ತೆ. ನನ್ನ ಬೆಲ್ಲು ಕೇಳಿದ್ದೇ ತಡ, ಎದ್ದು ನಿಂತು ತುಳಿಯತೊಡಗಿದರು. ಗೇರಿನ ಸೈಕಲು ಸ್ಪರ್ಧೆಗೆ ಕರೆದ ಹಾಗೆ ಕಾಣುತ್ತದೋ ಏನೋ. ನಾನು ದಾಟಲು ಶುರು ಮಾಡಿದಾಗ ಆತ 17ರಲ್ಲಿದ್ದರೆ, ಪಕ್ಕಕ್ಕೆ ಬರುವಷ್ಟರಲ್ಲಿ 20ಕ್ಕೆ ಏರಿರುತ್ತಾನೆ. ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸ ಕಾಲು ನಿಮಿಷಕ್ಕೆ ಎಳೆಯುತ್ತದೆ, ಎದುರಿಗೆ ಆಟೋ ಬರುತ್ತದೆ, ನಾನು ತಲೆ ತಗ್ಗಿಸಿ ಮತ್ತೆ ಹಿಂದಕ್ಕೆ. ಹುಡುಗ ಗೆದ್ದ. ನನ್ನ ವಯಸ್ಸಿಗೆ ಶೋಭೆ ತರುವಂಥದಲ್ಲ, ಆದರೂ ಎರಡು ಸಲ ನಾನು ಬಿಡಲಿಲ್ಲ. 27ರವರೆಗೆ ಹೋದೆ. ಆ ಎರಡು ದಿನವೂ ಮಧ್ಯಾಹ್ನದವರೆಗೆ ಲೆಕ್ಕದಲ್ಲಿ ತಪ್ಪು.

27ಕ್ಕೆ ಹೋಗುವುದು ಏಕೆ ಅಷ್ಟು ಕಷ್ಟ ಎಂಬುದಕ್ಕೂ ಲೆಕ್ಕವಿದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. 20ರಿಂದ 25ಕ್ಕೆ ಹೋದರೆ ವೇಗ ಕಾಲು ಪಾಲು ಹೆಚ್ಚಿದ್ದು, ಗಾಳಿಗೆ ಕೊಡಬೇಕಾದ ಶಕ್ತಿ ಸುಮಾರು ಎರಡರಷ್ಟು. ಸಂಜೆ ಹಿಂದಿರುಗುವಾಗ ಇದು ಲೆಕ್ಕವಾಗಿ ಉಳಿಯದೆ ಎದೆಗೇ ಬಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಪಶ್ಚಿಮ ವಾಯವ್ಯದ ಕಡೆಯಿಂದ ಬೀಸುತ್ತದೆ. ಕಾಸರಗೋಡಿನಿಂದ ಉತ್ತರಕ್ಕೆ, ಕುಂಬಳೆಯ ಕಡೆಗೆ ಹೊರಟವನ ಮುಖಕ್ಕೆ ಎಡದಿಂದ ಓರೆಯಾಗಿ. ಅಪ್ಪನ ಸೈಕಲಿನ ಮೇಲೆ ನೆಟ್ಟಗೆ ಕೂತರೆ ಅಂಗಿ ಹಾಯಿಯಂತೆ ಉಬ್ಬುತ್ತಿತ್ತು. 47 ನಿಮಿಷದ ದಾರಿಗೆ 55. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐಯ ತೋಟದ ಬದಿಗೆ ಬಂದಾಗ ಮಾತ್ರ ತೆಂಗಿನ ಮರಗಳ ಮರೆಯಲ್ಲಿ ಗಾಳಿ ಸಡಿಲವಾಗಿ, ವೇಗ ತೋರಿಸುವ ಮೀಟರು ತಾನಾಗಿ ಒಂದೂವರೆ ಎರಡು ಕಿ.ಮೀ. ಮೇಲೇರುತ್ತಿತ್ತು. ತೆಂಗಿನ ಮೇಲೆ ಅಲ್ಲಿ ನೂರು ವರ್ಷದಿಂದ ನಡೆದ ಸಂಶೋಧನೆಯಲ್ಲಿ ಈ ಉಪಯೋಗವನ್ನೂ ಬರೆದಿಟ್ಟಿದ್ದಾರೋ ಇಲ್ಲವೋ. ಗೇರಿನ ಸೈಕಲಿನಲ್ಲಿ ತುಸು ಬಾಗಿ ಕೂರುವುದರಿಂದಲೂ ಒಂದು ಹಲ್ಲು ಇಳಿಸಿ ತುಳಿಯಬಹುದಾದ್ದರಿಂದಲೂ ಸಂಜೆಯ ಹೊತ್ತು ಅದೇ ಒಳ್ಳೆಯದು. 21 ಗೇರಿನಲ್ಲಿ ನಾನು ಬಳಸುವುದು ನಾಲ್ಕೇ ನಾಲ್ಕು ಎಂಬುದು ಬೇರೆ ಮಾತು.

ಬ್ಯಾಟರಿ ಸೈಕಲಿನ ಮೊದಲ ಎರಡು ದಿನ ನಾನು ತುಂಬ ಹಿಗ್ಗಿದ್ದೆ. 250 ವ್ಯಾಟ್ ಒಳಗಿನ ಮೋಟಾರು, 25 ಕಿ.ಮೀ. ಒಳಗಿನ ವೇಗ ಇದ್ದರೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ ಎನ್ನುವುದು ಕೇಂದ್ರದ ಮೋಟಾರು ವಾಹನ ನಿಯಮ. ಅದಕ್ಕಾಗಿಯೇ 25 ಮುಟ್ಟಿದೊಡನೆ ಮೋಟಾರು ತಾನಾಗಿ ಕೈಬಿಡುತ್ತದೆ. ನನ್ನ ಮೀಟರಿನಲ್ಲಿ ಮಾತ್ರ ಅದು 27ರವರೆಗೆ ತಳ್ಳುತ್ತಿತ್ತು. ಭಾವ ಏನೋ ಕೈಚಳಕ ಮಾಡಿಸಿದ್ದಾರೆ ಎಂದುಕೊಂಡೆ. ಮೂರನೆಯ ದಿನ ಹೊಳೆಯಿತು: ಅಪ್ಪನ ಸೈಕಲಿನ ಮೀಟರನ್ನು ತೆಗೆದು ಇದಕ್ಕೆ ಕಟ್ಟಿದ್ದೆ, ಚಕ್ರದ ಅಳತೆ ಬದಲಿಸಿರಲಿಲ್ಲ. ಅಪ್ಪನದು 28 ಇಂಚಿನ ಚಕ್ರ, ಸುತ್ತಳತೆ ಎರಡೂಕಾಲು ಮೀಟರಿಗೆ ಹತ್ತಿರ. ಇದು 26 ಇಂಚಿನದು, ಎರಡು ಮೀಟರಿನ ಆಸುಪಾಸು. ಪ್ರತಿ ಸುತ್ತಿಗೂ ಮೀಟರು ನನಗೆ ಸುಳ್ಳು ಹೇಳುತ್ತಿತ್ತು. ಲೆಕ್ಕದವನಾಗಿ ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆದೇ ಬಿಟ್ಟೆ. ಮೀಟರು ಸರಿಪಡಿಸಿದ ಮೇಲೆ ವೇಗ 25, ಅಲ್ಲಿಗೆ ನಿಂತಿತು.

ಆದರೂ ಹಿಂದಿಕ್ಕುವುದಕ್ಕೆ ಅದರಷ್ಟು ಸುಲಭದ ಸೈಕಲು ಇಲ್ಲ. 16ರಲ್ಲಿ ಹೋಗುವವನ ಹಿಂದೆ ಬಂದು ಹೆಬ್ಬೆರಳಿನಿಂದ ಒತ್ತಿದರಾಯಿತು. ಉಸಿರು ಏರುವುದಿಲ್ಲ, ಅಂಗಿ ಒದ್ದೆಯಾಗುವುದಿಲ್ಲ. ಹುಡುಗರು ಎದ್ದು ತುಳಿದರೂ ನಾನು ಕೂತೇ ದಾಟಿದೆ. ಮುಂದಿನವನೂ 23ರಲ್ಲಿ ಇದ್ದರೆ ಮಾತ್ರ ಫಜೀತಿ. ಭಾನುವಾರದ ಉಡುಪು ತೊಟ್ಟು ತಲಪಾಡಿಯ ಕಡೆಗೆ ಹೋಗಿಬರುವ ಸೈಕಲು ಗುಂಪೊಂದಿದೆ. ಯಕ್ಷಗಾನದ ಒಡ್ಡೋಲಗದ ಹಾಗೆ ಒಬ್ಬೊಬ್ಬರಾಗಿ ಬರುತ್ತಾರೆ. ಒಮ್ಮೆ ಅವರ ಬಾಲ ಹಿಡಿಯಲು ಹೋದೆ. 25 ಆದೊಡನೆ ಮೋಟಾರು ಸುಮ್ಮನಾಯಿತು, 24 ಕಿಲೋ ಕಬ್ಬಿಣ ನನ್ನ ಕಾಲಿಗೆ ಬಿತ್ತು.

ಇನ್ನೊಂದು ತೊಂದರೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಬ್ಯಾಟರಿ ಸೈಕಲಿನಲ್ಲಿ ದಾಟಿದರೆ ಜನರಿಗೆ ಮೋಸ ಹೋದಂತೆ ಅನಿಸುತ್ತದೆ. ಎರಿಯಾಲಿನಲ್ಲಿ ನಾನು ಹಿಂದಿಕ್ಕಿದ ಹುಡುಗನೊಬ್ಬ ಮುಂದಿನ ತಿರುವಿನಲ್ಲಿ ನನ್ನನ್ನು ಹಿಡಿದು, ಚಕ್ರದ ನಡುವಿನ ಮೋಟಾರನ್ನು ದಿಟ್ಟಿಸಿ, ‘ಬ್ಯಾಟರಿ ಆಣೋ?’ ಎಂದು ಕೇಳಿದ. ಹೌದೆಂದೆ. ಅವನ ಮುಖ ತಿಳಿಯಾಯಿತು. ಸೋತದ್ದು ತಾನಲ್ಲ ಎಂದು ಖಾತ್ರಿಯಾಯಿತಲ್ಲ. ‘ಸರಿ ಇಚ್ಚಾ’, ಅಂದರೆ ಸರಿ ಅಣ್ಣಾ, ಎಂದು ನನಗೇ ಸಮಾಧಾನ ಹೇಳುವವನ ಹಾಗೆ ಹೇಳಿ ಹೋದ.

ಹಣದ ಮಾತು ಚಿಕ್ಕದು. ಅಪ್ಪನ ಸೈಕಲಿಗೆ ಬ್ರೇಕ್ ರಬ್ಬರು, ಒಂದು ಪಂಕ್ಚರ್, ಅಷ್ಟೇ. ಬ್ಯಾಟರಿಗೆ ದಿನಕ್ಕೆ ಅರ್ಧ ಯೂನಿಟ್ಟೂ ಬೇಡ, ಆದರೆ ಬ್ಯಾಟರಿಯೇ ಒಂದು ದಿನ ಹೋದರೆ ಆ ಬೆಲೆಗೆ ಅಪ್ಪನಂಥದು ಇನ್ನೊಂದು ಬರುತ್ತದೆ. ಮಳೆಯ ಮಾತು ಹಾಗಲ್ಲ. ಈ ಪರೀಕ್ಷೆ ನಡೆದದ್ದು ಬೇಸಗೆಯಲ್ಲಾದರೂ ಹಿಂದಿನ ಮಳೆಗಾಲಗಳ ಅನುಭವ ಇದೆ. ಜೂನಿನ ಮಳೆಯಲ್ಲಿ ರಾಡ್ ಬ್ರೇಕಿನ ಸೈಕಲಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಹಿಡಿಯುವುದೇ ಇಲ್ಲ. ಬ್ರೇಕು ಒತ್ತಿ, ದೇವರನ್ನು ನೆನೆದು, ಆಮೇಲೆ ಚಪ್ಪಲಿಯನ್ನು ನೆಲಕ್ಕೆ ಉಜ್ಜಬೇಕು. ಅಂಥ ದಿನ ಅದರಲ್ಲಿ ಯಾರನ್ನಾದರೂ ಹಿಂದಿಕ್ಕುವುದು ಬಿಡಿ, ಯಾರ ಹಿಂದೆ ಹೋಗುವುದೂ ಅಪಾಯ. ಗೇರಿನ ಸೈಕಲಿಗೆ ಡಿಸ್ಕ್ ಬ್ರೇಕು ಇದೆ, ನಿಲ್ಲುತ್ತದೆ. ಆದರೆ ಅದರ ಚೈನಿಗೆ ಮುಚ್ಚಳವಿಲ್ಲ. ಉಪ್ಪುಗಾಳಿಗೂ ಮಳೆಗೂ ವಾರದೊಳಗೆ ಕೆಂಪಾಗುತ್ತದೆ. ಅಪ್ಪನದಕ್ಕೆ ತಗಡಿನ ಪೂರ್ತಿ ಕವಚ ಇರುವುದರಿಂದ ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟರೂ ನಡೆಯುತ್ತದೆ.

ಉಳಿತಾಯವಾದ ನಿಮಿಷಗಳನ್ನೂ ಕೊನೆಗೆ ಕೂಡಿಸಿ ನೋಡಿದೆ. 12 ಕಿ.ಮೀ. 400 ಮೀಟರಿಗೆ 16ರ ಬದಲು 20ರಲ್ಲಿ ಹೋದರೆ ಒಂಬತ್ತು ನಿಮಿಷ ಉಳಿಯುತ್ತದೆ. 20ರ ಬದಲು 24 ಎಂದರೆ ಆರೇ ನಿಮಿಷ. 24ರಿಂದ 28ಕ್ಕೆ ಏರಿದರೆ ನಾಲ್ಕು ನಿಮಿಷ ಚಿಲ್ಲರೆ. ಅದೂ ದಾರಿ ಪೂರ್ತಿ ಖಾಲಿಯಿದ್ದರೆ. ಕರಂದಕ್ಕಾಡಿನಲ್ಲಿ ಒಂಟಿ ಕಂಬಗಳ ಮೇಲ್ಸೇತುವೆಯ ಕೆಳಗೆ ಬಂದ ಮೇಲೆ ಮೂರು ಸೈಕಲಿನ ವೇಗವೂ ಒಂದೇ, ಮುಂದಿರುವ ಬಸ್ಸಿನದು.

ಹಾಗಾಗಿ ನನ್ನ ತೀರ್ಮಾನ ಗೇರಿನ ಸೈಕಲಿನ ಪರವಾಗಿದೆ, ಒಂದು ಷರತ್ತಿನ ಮೇಲೆ. ಮುಂದಿನವನಿಗೂ ನನಗೂ ವೇಗದಲ್ಲಿ ಗಂಟೆಗೆ ಐದು ಕಿ.ಮೀ. ವ್ಯತ್ಯಾಸ ಇಲ್ಲದಿದ್ದರೆ ದಾಟುವುದಿಲ್ಲ, ಹಿಂದೆಯೇ ಹೋಗುತ್ತೇನೆ. ಬೆನ್ನು ನೋವಿನವರಾಗಿದ್ದರೆ, ಬೆವರಿದ ಅಂಗಿಯಲ್ಲಿ ಕೂರಲಾಗದ ಕೆಲಸವಿದ್ದರೆ, ಬ್ಯಾಟರಿಯದನ್ನೇ ಕೊಳ್ಳಿ, ಎರಡು ಮಾತಿಲ್ಲ. ಶನಿವಾರ ಅಕ್ಕಿ, ತೆಂಗಿನಕಾಯಿ ತರುವುದಿದ್ದರೆ ಅಪ್ಪನ ಸೈಕಲಿನ ಕ್ಯಾರಿಯರಿಗೆ ಉಳಿದೆರಡೂ ಸಾಟಿಯಲ್ಲ. ವಿಷುವಿನ ಹೊತ್ತಿಗೆ ಭಾವ ಊರಿಗೆ ಬಂದು ಅವರದನ್ನು ಒಯ್ದರು. ಬ್ಯಾಟರಿ ಚೆನ್ನಾಗಿ ಇಟ್ಟುಕೊಂಡಿದ್ದೀಯಾ ಎಂದರು. ಮೀಟರಿನ ವಿಷಯ ಅವರಿಗೆ ಹೇಳಲಿಲ್ಲ.

ಬುತ್ತಿ ಡಬ್ಬದ ಭಾಯಿ ಕಳೆದ ವಾರ ಮೊಗ್ರಾಲು ಪುತ್ತೂರಿನ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿದ. ಗಾಳಿ ಹಾಕಿಸುತ್ತಿದ್ದ. ಇಷ್ಟು ತಿಂಗಳಲ್ಲಿ ನಾವು ಒಂದು ಮಾತೂ ಆಡಿದವರಲ್ಲ. ಅರ್ಧ ಮಲಯಾಳ, ಅರ್ಧ ಹಿಂದಿಯಲ್ಲಿ ಆತ ಹೇಳಿದ್ದು ಇಷ್ಟು: ‘ಚೈನಿಗೆ ಎಣ್ಣೆ ಹಾಕಿ ಸಾರ್. ನೀವು ಹಿಂದೆ ಬರುವುದು ಅರ್ಧ ಫರ್ಲಾಂಗಿನಿಂದಲೇ ಕೇಳುತ್ತದೆ. ಅದಕ್ಕೇ ನಾನು ಎಡಕ್ಕೆ ಸರಿಯುವುದು.’ ಅಂಗಡಿಯವನು ಎಣ್ಣೆಯ ಡಬ್ಬ ಮುಂದೆ ಚಾಚಿದ. ಭಾಯಿಯೇ ನನ್ನ ಹಿಂದಿನ ಚಕ್ರವನ್ನು ಎತ್ತಿ ಹಿಡಿದ, ನಾನು ಪೆಡಲು ತಿರುಗಿಸುತ್ತ ಹನಿ ಹನಿ ಬಿಟ್ಟೆ.